ಅಬ್ರಕಡಬ್ರ: ಒಂದು ಮಂತ್ರಪದದ ಹುಟ್ಟು

ಊರಿಗೆ ಜಾದೂಗಾರನು ಬಂದಾಗ ನೀವೂ ಮಕ್ಕಳನ್ನು ಕರೆದುಕೊಂಡು ಹೋಗಿರಬಹುದು. ಬರಿದಾದ ಟೋಪಿಯ ಮೇಲೆ ಅವನು ಕೋಲನ್ನಾಡಿಸಿ 'ಅಬ್ರಕಡಬ್ರ' ಎನ್ನುತ್ತಾನೆ. ಒಳಗಿನಿಂದ ಪಾರಿವಾಳ ಹಾರುತ್ತದೆ. ಮನೆಗೆ ಮರಳುವಾಗ ಮಗು, "ಅಪ್ಪಾ, ಹಾಗೆಂದರೇನು?" ಎಂದು ಕೇಳುತ್ತದೆ. ತಂದೆ ಏನಾದರೊಂದು ಹೇಳಿ ಪಾರಾಗುತ್ತಾನೆ. ಇದರಲ್ಲಿ ನಾಚಬೇಕಾದ್ದೇನೂ ಇಲ್ಲ. ದೊಡ್ಡ ದೊಡ್ಡ ವಿದ್ವಾಂಸರೂ ಈ ಪದದ ವಿಷಯದಲ್ಲಿ ಮಾಡಿರುವುದು ಹೆಚ್ಚುಕಡಿಮೆ ಅದನ್ನೇ.

ಇಂದು ಆಟದ ಮಾತಾಗಿರುವ ಈ ಪದವು ನಮಗೆ ಮೊದಲು ಕಾಣಸಿಗುವುದು ಆಟದ ರಂಗದಲ್ಲಲ್ಲ, ರೋಗಿಯ ಹಾಸಿಗೆಯ ಬಳಿ. ಪ್ರಾಚೀನ ರೋಮ್‌ನ ಕ್ವಿಂಟಸ್ ಸೆರೆನಸ್ ಎಂಬುವನು 'ಲಿಬರ್ ಮೆಡಿಸಿನಾಲಿಸ್', ಎಂದರೆ 'ವೈದ್ಯಗ್ರಂಥ' ಎಂಬ ಲ್ಯಾಟಿನ್ ಪದ್ಯಕೃತಿಯನ್ನು ರಚಿಸಿದನು. ಸುಮಾರು 1100 ಸಾಲುಗಳಲ್ಲಿ ಬೇನೆಬೇನೆಗೂ ಅದು ಮದ್ದು ಹೇಳುತ್ತದೆ. ಕವಿ ಯಾರೆಂಬುದರಿಂದಲೇ ವಿವಾದ ಆರಂಭವಾಗುತ್ತದೆ. ಚಕ್ರವರ್ತಿ ಕಾರಕಲ್ಲನ ಆಜ್ಞೆಯಿಂದ ಕ್ರಿ.ಶ. 212ರ ಸುಮಾರಿಗೆ ಹತನಾದ ಸೆರೆನಸ್ ಸಮ್ಮೋನಿಕಸನೆಂಬ ಪಂಡಿತನೇ ಇವನೆಂದು ಕೆಲವರು, ಆತನ ಮಗನೆಂದು ಕೆಲವರು, ಇನ್ನೂ ಈಚಿನವನೆಂದು ಮತ್ತೆ ಕೆಲವರು ವಾದಿಸುತ್ತಾರೆ.

ಆ ಗ್ರಂಥದಲ್ಲಿ ಒಂದು ಬಗೆಯ ಜ್ವರದ ಮಾತು ಬರುತ್ತದೆ. ದಿನವೂ ಕಾಯುತ್ತ, ದಿನ ಬಿಟ್ಟು ದಿನ ಉಲ್ಬಣಿಸುತ್ತ, ನಡುವೆ ಪೂರ್ತಿಯಾಗಿ ಬಿಡದ ಜ್ವರ ಅದು. ಮಲೇರಿಯದ ಕ್ರೂರ ರೂಪವೆಂದು ವೈದ್ಯಚರಿತ್ರಕಾರರು ಅದನ್ನು ಬಹುಮಟ್ಟಿಗೆ ಗುರುತಿಸುತ್ತಾರೆ. ಅದಕ್ಕೆ ಸೆರೆನಸನು ಹೇಳುವ ಉಪಾಯ ಇದು: ಒಂದು ಹಾಳೆಯ ಮೇಲೆ 'ಅಬ್ರಕಡಬ್ರ' ಎಂದು ಬರೆಯಬೇಕು. ಅದರ ಕೆಳಗೆ ಕೊನೆಯ ಅಕ್ಷರವೊಂದನ್ನು ಬಿಟ್ಟು ಮತ್ತೆ ಬರೆಯಬೇಕು. ಹೀಗೆ ಸಾಲಿಗೊಂದು ಅಕ್ಷರ ಕಳೆಯುತ್ತ ಹೋಗಿ, ಕಡೆಗೆ ಒಂದೇ ಅಕ್ಷರ ಉಳಿಯಬೇಕು. ಆಮೇಲೆ ಆ ಹಾಳೆಯನ್ನು ನಾರಗಸೆಯ ದಾರದಲ್ಲಿ ಕಟ್ಟಿ ರೋಗಿಯ ಕೊರಳಿಗೆ ಹಾಕಬೇಕು. ನಮ್ಮಲ್ಲಿ ತಾಯಿತ ಎನ್ನುತ್ತೇವಲ್ಲ, ಅದೇ. ರೋಮನ್ ಲಿಪಿಯಲ್ಲಿ ಈ ಪದಕ್ಕೆ 11 ಅಕ್ಷರ. ಆದ್ದರಿಂದ 11 ಸಾಲಿನ ತ್ರಿಕೋಣವಾಗುತ್ತದೆ. ಪೆನ್ಸಿಲ್ ಹಿಡಿದು ಕನ್ನಡದಲ್ಲಿ ಬರೆದು ನೋಡಿದರೆ ನಿಮಗೆ 5 ಸಾಲು ಸಿಕ್ಕೀತು.

ಪದದ ಅರ್ಥವೇನು? ಸೆರೆನಸನು ಹೇಳಿಲ್ಲ. ಅವನು ಬಿಟ್ಟ ಆ ಖಾಲಿ ಜಾಗವನ್ನು ತುಂಬಲು ಮುಂದಿನವರು ಸಾಲುಗಟ್ಟಿ ನಿಂತರು.

ಈಗ ಹೆಚ್ಚು ಪ್ರಚಾರದಲ್ಲಿರುವ ಅರ್ಥ 'ನುಡಿದಂತೆ ಸೃಷ್ಟಿಸುತ್ತೇನೆ' ಎಂಬುದು. ಇದು ಪಶ್ಚಿಮ ಏಷ್ಯದ ಅರಮಾಯಿಕ್ ಭಾಷೆಯ ವಾಕ್ಯವೆನ್ನುತ್ತಾರೆ. ಕೇಳಲು ಬಹು ಸೊಗಸು. ಆದರೆ 'ನುಡಿ' ಎಂಬ ಅರ್ಥದಲ್ಲಿ ಇಲ್ಲಿ ಹೇಳುವ ಧಾತು ಹೀಬ್ರೂವಿನದು. ಅರಮಾಯಿಕ್‌ನಲ್ಲಿ ಆ ಅರ್ಥಕ್ಕೆ ಸಾಮಾನ್ಯವಾಗಿ ಬಳಸುವುದು ಬೇರೆ ಧಾತು. ಎರಡನೆಯ ಪಕ್ಷದವರು ಹೀಬ್ರೂವಿನ ಪಿತ, ಸುತ, ಪವಿತ್ರಾತ್ಮ ಎಂಬ ಮೂರು ಪದಗಳ ಮೊದಲಕ್ಷರಗಳನ್ನು ಇದರಲ್ಲಿ ಕಾಣುತ್ತಾರೆ. ಮೂರನೆಯ ಪಕ್ಷದವರು 'ಅಬ್ರಸಾಕ್ಸ್' ಎಂಬ ಹೆಸರನ್ನು ತೋರಿಸುತ್ತಾರೆ. 2ನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದಲ್ಲಿದ್ದ ಬೆಸಿಲಿಡೀಸನ ಪಂಥದವರಿಗೆ ಅದು ಪೂಜ್ಯನಾಮ. ಗ್ರೀಕ್ ಅಕ್ಷರಗಳ ಬೆಲೆಯನ್ನು ಕೂಡಿದರೆ 1, 2, 100, 1, 200, 1, 60, ಒಟ್ಟು 365, ವರ್ಷದ ದಿನಗಳಷ್ಟು! ಲೆಕ್ಕ ಸರಿಯಾಗಿಯೇ ಇದೆ. ಆದರೆ ಆ ಹೆಸರು ಈ ಪದವಾದದ್ದು ಹೇಗೆಂಬುದಕ್ಕೆ ಆಧಾರವಿಲ್ಲ. ಮೂರು ಪಕ್ಷಗಳಿಗೂ ಇದೇ ಕೊರತೆ: ಎಲ್ಲವೂ ಊಹೆ, ಒಂದಕ್ಕೂ ಹಳೆಯ ಬರಹದ ಸಾಕ್ಷಿಯಿಲ್ಲ.

ಇಂಥ ಊಹೆಗಳು ಹೇಗೆ ಹುಟ್ಟುತ್ತವೆಂಬುದಕ್ಕೆ ಜಾದೂಗಾರನ ಇನ್ನೊಂದು ಮಾತು ಒಳ್ಳೆಯ ಪಾಠ. 'ಹೋಕಸ್ ಪೋಕಸ್' ಎಂಬುದು ಕ್ಯಾಥೊಲಿಕ್ ಪೂಜೆಯ ಒಂದು ಲ್ಯಾಟಿನ್ ವಾಕ್ಯದ ಅಪಭ್ರಂಶವೆಂದು 17ನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಆರ್ಚ್‌ಬಿಷಪ್ ಟಿಲಟ್‌ಸನ್ ಬರೆದನು. ಆದರೆ 1634ರಲ್ಲೇ 'ಹೋಕಸ್ ಪೋಕಸ್ ಜೂನಿಯರ್' ಎಂಬ ಕೈಚಳಕದ ಪುಸ್ತಕ ಅಚ್ಚಾಗಿತ್ತು; ಆ ಮಾತು ಆಗಲೇ ಜಾದೂಗಾರರ ಬಾಯಲ್ಲಿತ್ತು. ಟಿಲಟ್‌ಸನ್ ಕ್ಯಾಥೊಲಿಕ್ ಮತದ ವಿರೋಧಿ. ಆ ಪೂಜೆಯನ್ನು ಜಾದೂಗಾರಿಕೆಗೆ ಹೋಲಿಸುವುದು ಅವನಿಗೆ ಬೇಕಾಗಿತ್ತು. ಅವನ ಮಾತು ನಿಜವಾಗಿರಲೂ ಬಹುದು. ಆದರೆ ಅರ್ಥ ಹೇಳುವವನ ಕೈಯಲ್ಲಿ ಏನಿದೆಯೆಂದು ನೋಡಿಕೊಂಡು ಆ ಅರ್ಥವನ್ನು ಒಪ್ಪುವುದು ಲೇಸು.

ಹಾಗಾದರೆ ಅಬ್ರಕಡಬ್ರದ ವಿಷಯದಲ್ಲಿ ಖಚಿತವಾದದ್ದು ಏನೂ ಇಲ್ಲವೇ? ಇದೆ. ಪದದ ಅರ್ಥ ತಿಳಿಯದು, ಅದರಿಂದ ಮಾಡಿಸುತ್ತಿದ್ದ ಕೆಲಸ ತಿಳಿದಿದೆ. ಯಹೂದ್ಯರ ತಾಲ್ಮುಡ್‌ನಲ್ಲಿ ಕಣ್ಣು ಕೆಡಿಸುವ ಶಬ್ರೀರಿ ಎಂಬ ಪಿಶಾಚಿಯ ಹೆಸರನ್ನು ಹೀಗೆಯೇ ಮೊಟಕು ಮಾಡುತ್ತ ಹೇಳುವ ಪದ್ಧತಿ ಇದೆ. ಹೆಸರು ಕರಗಿದಂತೆ ಪಿಶಾಚಿಯೂ ಕರಗಬೇಕು. ಅಕ್ಷರ ಇಳಿದಂತೆ ಜ್ವರವೂ ಇಳಿಯಬೇಕು. ಅದೇ ಸೆರೆನಸನು ನಾಲ್ಕನೆಯ ದಿನಕ್ಕೊಮ್ಮೆ ಮರುಕಳಿಸುವ ಜ್ವರಕ್ಕೆ ಹೋಮರನ 'ಇಲಿಯಡ್'ನ ನಾಲ್ಕನೆಯ ಸರ್ಗವನ್ನು ರೋಗಿಯ ತಲೆಯಡಿ ಇಡಲು ಹೇಳುತ್ತಾನೆ! ಅಷ್ಟು ದೊಡ್ಡ ಕಾವ್ಯದ ಅರ್ಥ ಅಲ್ಲಿ ಅವನಿಗೆ ಬೇಡ. ಸರ್ಗದ ಸಂಖ್ಯೆ ಸಾಕು. ಹಾಗಿರುವಾಗ ಅಬ್ರಕಡಬ್ರಕ್ಕೆ ಅರ್ಥ ಇರಲೇಬೇಕೆಂದು ನಾವೇಕೆ ಹಟ ಹಿಡಿಯಬೇಕು?

ಇದನ್ನೆಲ್ಲ ಓದಿ ಹಿಂದಿನವರನ್ನು ನೋಡಿ ನಗುವುದು ಸುಲಭ. ಮಂತ್ರಕ್ಕೆ ಮಾವಿನಕಾಯಿ ಉದುರೀತೇ ಎಂದು ಕೇಳುವುದೂ ಸುಲಭವೇ. ಆದರೆ 1665ರಲ್ಲಿ ಲಂಡನ್ನಿನ ಪ್ಲೇಗಿಗೆ ಸತ್ತವರು ಅಂದಿನ ಮರಣಪಟ್ಟಿಗಳ ಪ್ರಕಾರವೇ 68,596 ಮಂದಿ. ಆಗಲೂ ಜನ ಇದೇ ತ್ರಿಕೋಣವನ್ನು ಬರೆದು ಧರಿಸಿದರೆಂದು 1722ರ ತನ್ನ ಪ್ಲೇಗಿನ ಕಥನದಲ್ಲಿ ಡೇನಿಯಲ್ ಡೀಫೋ ಹೇಳುತ್ತಾನೆ. ಮಗುವಿನ ಮೈ ಕಾದ ಕೆಂಡವಾಗಿ, ವೈದ್ಯನು ಕೈಚೆಲ್ಲಿದ ರಾತ್ರಿಯಲ್ಲಿ ತಾಯಿಯೊಬ್ಬಳು ಕಾಗದದ ಚೂರನ್ನು ಆ ಕೊರಳಿಗೆ ಕಟ್ಟಿದ್ದರೆ ಅವಳನ್ನು ನೋಡಿ ನಗಲಾದೀತೇ? ಅವಳ ಕೈಯಲ್ಲಿ ಬೇರೇನೂ ಇರಲಿಲ್ಲ.

ಬೇರೆಯದು ಸಿಕ್ಕಿದ ಕಥೆಯಲ್ಲಿ ನಮ್ಮ ನಾಡಿಗೂ ಒಂದು ಪುಟ್ಟ ಪಾಲಿದೆ. 1883ರಲ್ಲಿ ಬೆಂಗಳೂರಿನ ದಂಡಿಗೆ ಬಂದ ರೊನಾಲ್ಡ್ ರಾಸ್ ಎಂಬ ತರುಣ ವೈದ್ಯನು, ಸೊಳ್ಳೆಗಳು ನಿಂತ ನೀರಿನಲ್ಲಿ ಮರಿಮಾಡುವುದನ್ನೂ, ಆ ನೀರನ್ನು ಚೆಲ್ಲಿದರೆ ಅವು ಕಡಿಮೆಯಾಗುವುದನ್ನೂ ಕಂಡುಕೊಂಡನು. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಅವನೇ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯದ ಪರೋಪಜೀವಿಯನ್ನು ಕಂಡನು. 1902ರಲ್ಲಿ ನೊಬೆಲ್ ಬಹುಮಾನ ಪಡೆದನು.

ಇನ್ನೊಮ್ಮೆ ನಿಮ್ಮ ಮಗು "ಅಬ್ರಕಡಬ್ರ ಎಂದರೇನಪ್ಪಾ?" ಎಂದು ಕೇಳಿದರೆ, ಸೊಗಸಾದ ಅರ್ಥವೊಂದನ್ನು ಹೊಸೆದು ಹೇಳಬೇಡಿ. "ಅರ್ಥ ಯಾರಿಗೂ ತಿಳಿಯದು ಮರಿ. ಜ್ವರ ಇಳಿಯಲೆಂದು ಬಹಳ ಹಿಂದೆ ಜನ ಬರೆದು ಕಟ್ಟಿಕೊಳ್ಳುತ್ತಿದ್ದ ಮಾತು ಅದು" ಎನ್ನಿ. ಆಮೇಲೆ, ಹಿತ್ತಲಿನ ತೊಟ್ಟಿಯಲ್ಲಿ ನಿಂತ ನೀರಿದ್ದರೆ ಇಬ್ಬರೂ ಕೂಡಿ ಅದನ್ನು ಚೆಲ್ಲಿಬನ್ನಿ.