ಅಚ್ಚಿನ ತಟ್ಟೆ, ಬರೆದ ತಟ್ಟೆ

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಸಂಗೀತದ ಸಿಡಿಗಳಿಗೂ ಸಲ್ಲುತ್ತದೆ. ಎರಡು ಸಿಡಿಗಳು ಒಂದೇ ಅಳತೆಯವಾಗಿದ್ದು ಒಂದೇ ಹಾಡನ್ನು ಅಷ್ಟೇ ಸ್ಪಷ್ಟವಾಗಿ ಕೇಳಿಸಬಹುದು. ಆದರೂ ಒಂದು ಕಾರ್ಖಾನೆಯಲ್ಲಿ ಅಚ್ಚೊತ್ತಿದ್ದು, ಇನ್ನೊಂದು ಒಂಟಿ ಪ್ರತಿಯಾಗಿ ಬರೆದದ್ದು ಆಗಿರಬಹುದು. ಕೊಳ್ಳುವವನಿಗೆ ಈ ವ್ಯತ್ಯಾಸ ತಿಳಿದಿರಬೇಕು.

ಫಿಲಿಪ್ಸ್ ಮತ್ತು ಸೋನಿ ಸಂಸ್ಥೆಗಳು ರೂಪಿಸಿದ ಕಾಂಪ್ಯಾಕ್ಟ್ ಡಿಸ್ಕ್ 1982ರಲ್ಲಿ ಜಪಾನಿನ ಮಾರುಕಟ್ಟೆಗೆ ಬಂತು. ಅದರ ತಯಾರಿಕೆ ಸಂಕ್ರಾಂತಿಯ ಸಕ್ಕರೆ ಅಚ್ಚಿನಂತೆಯೇ. ಗಾಜಿನ ಫಲಕದ ಮೇಲೆ ಮೂಲಪ್ರತಿ ಸಿದ್ಧಪಡಿಸಿ, ಅದರಿಂದ ನಿಕ್ಕಲ್ ಅಚ್ಚು ತೆಗೆಯುತ್ತಾರೆ. ಕರಗಿದ ಪಾಲಿಕಾರ್ಬನೇಟ್ ಪ್ಲಾಸ್ಟಿಕ್ ಆ ಅಚ್ಚಿಗೆ ಒತ್ತಿದಾಗ ಕಣ್ಣಿಗೆ ಕಾಣದ ಕುಳಿಗಳು ಮೂಡುತ್ತವೆ. ಮೇಲೆ ಅಲ್ಯೂಮಿನಿಯಂ ಲೇಪ, ಅದರ ರಕ್ಷಣೆಗೆ ಮೆರುಗೆಣ್ಣೆ. ಅಚ್ಚು ಮಾಡುವುದೇ ದುಬಾರಿ. ಸಾವಿರಾರು ಪ್ರತಿ ತೆಗೆದರೆ ಮಾತ್ರ ಖರ್ಚು ಹುಟ್ಟುತ್ತದೆ.

ಬರೆಯುವ ತಟ್ಟೆಯಾದ ಸಿಡಿ-ಆರ್ ಅನ್ನು ಜಪಾನಿನ ತೈಯೊ ಯೂಡೆನ್ ಸಂಸ್ಥೆ 1988ರಲ್ಲಿ ಪ್ರಕಟಿಸಿತು. ಇದರಲ್ಲಿ ಕುಳಿಗಳಿಲ್ಲ, ಬಣ್ಣದ ರಾಸಾಯನಿಕದ ತೆಳು ಪದರವಿದೆ. ಲೇಸರ್ ಕಿರಣ ಆ ಪದರವನ್ನು ಅಲ್ಲಲ್ಲಿ ಸುಟ್ಟು ಗುರುತು ಮಾಡುತ್ತದೆ. ಓದುವ ಯಂತ್ರ ಈ ಗುರುತುಗಳನ್ನೇ ಕುಳಿಗಳೆಂದು ಭಾವಿಸುತ್ತದೆ. ಅಚ್ಚಿನ ಹಂಗಿಲ್ಲದ ಕಾರಣ ಒಂದೇ ಪ್ರತಿಯನ್ನೂ ನಷ್ಟವಿಲ್ಲದೆ ಮಾಡಿಕೊಡಬಹುದು.

ಈ ಅನುಕೂಲದ ಬೆಲೆ ಅಮೆರಿಕದ ಫೋಕ್‌ವೇಸ್ ಸಂಸ್ಥೆಯ ಕಥೆಯಲ್ಲಿ ಕಾಣುತ್ತದೆ. ಮೋಸಸ್ ಆಶ್ ಅವರು ಮರಿಯನ್ ಡಿಸ್ಟ್ಲರ್ ಜೊತೆಗೂಡಿ 1948ರಲ್ಲಿ ನ್ಯೂಯಾರ್ಕಿನಲ್ಲಿ ಇದನ್ನು ಆರಂಭಿಸಿದರು. ಜಾನಪದ ಹಾಡು, ದೇಶವಿದೇಶಗಳ ಸಂಗೀತವಲ್ಲದೆ ಕಪ್ಪೆಗಳ ಕೂಗನ್ನೂ ಅವರು ಮುದ್ರಿಸಿದರು. ವರ್ಷಕ್ಕೆ ನಾಲ್ಕೇ ಪ್ರತಿ ಮಾರಾಟವಾದರೂ ಯಾವ ಮುದ್ರಿಕೆಯನ್ನೂ ಪಟ್ಟಿಯಿಂದ ಕೈಬಿಡಬಾರದೆಂಬುದು ಆಶ್ ಅವರ ಹಟ. ಅವರು 1986ರಲ್ಲಿ ತೀರಿಕೊಂಡರು. ಮರುವರ್ಷ ಸ್ಮಿತ್ಸೋನಿಯನ್ ಸಂಸ್ಥೆ ಈ ಸಂಗ್ರಹವನ್ನು ಪಡೆದಾಗ, 2,000ಕ್ಕೂ ಮಿಕ್ಕಿದ ಮುದ್ರಿಕೆಗಳೆಲ್ಲವೂ ಕೊಳ್ಳುವವರಿಗೆ ಸಿಗುತ್ತಿರಬೇಕೆಂಬ ಷರತ್ತೂ ಜೊತೆಗೆ ಬಂತು. ಅಷ್ಟಕ್ಕೂ ಅಚ್ಚು ಮಾಡಿಸುವುದು ಯಾರಿಂದಲೂ ಆಗದ ಮಾತು. ಮೊದಲು ಕ್ಯಾಸೆಟ್ಟಿನಲ್ಲಿ, ಮುಂದೆ ಸಿಡಿ-ಆರ್‌ನಲ್ಲಿ, ಕೇಳಿದವರಿಗೆ ಒಂದೊಂದೇ ಪ್ರತಿ ಮಾಡಿಕೊಟ್ಟು ಸಂಸ್ಥೆ ಮಾತು ಉಳಿಸಿಕೊಂಡಿತು.

ಬಾಳಿಕೆಯ ಪ್ರಶ್ನೆ ಬೇರೆ. ಅಚ್ಚಿನ ತಟ್ಟೆಯಲ್ಲಿ ಹಾಡು ಪ್ಲಾಸ್ಟಿಕ್ಕಿನ ಆಕಾರದಲ್ಲೇ ಇದೆ. ಬರೆದ ತಟ್ಟೆಯಲ್ಲಿ ಅದು ಬಣ್ಣವನ್ನು ನಂಬಿದೆ; ಬಿಸಿಲು, ಸೆಕೆ, ತೇವ ಆ ಬಣ್ಣಕ್ಕೆ ಶತ್ರುಗಳು. ಹಾಗೆಂದು ಅಚ್ಚಿನದೂ ಚಿರಂಜೀವಿಯಲ್ಲ. ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್ ಬಳಿಯ ಕಾರ್ಖಾನೆಯೊಂದರಲ್ಲಿ 1980ರ ದಶಕದ ಕೊನೆಯಿಂದ ಕೆಲವು ವರ್ಷ ತಯಾರಾದ ಅನೇಕ ತಟ್ಟೆಗಳು ಮುಂದೆ ಕಂಚಿನ ಬಣ್ಣಕ್ಕೆ ತಿರುಗಿ ಕೆಟ್ಟವು.

ಗುರುತಿಸುವುದು ಕಷ್ಟವಲ್ಲ. ತಟ್ಟೆಯನ್ನು ಮಗುಚಿ ನೋಡಿದರೆ ಸಾಮಾನ್ಯವಾಗಿ ಅಚ್ಚಿನದು ಬೆಳ್ಳಿಯಂತೆ ಹೊಳೆಯುತ್ತದೆ. ಬರೆದದ್ದರಲ್ಲಿ ನೀಲಿ, ಹಸಿರು ಅಥವಾ ಹೊಂಬಣ್ಣದ ಛಾಯೆ ಇರುತ್ತದೆ. ಬರೆದ ತಟ್ಟೆಯನ್ನು ಅಚ್ಚಿನದೆಂದು ಹೇಳಿ ಮಾರುವುದು ವಂಚನೆ. ಬರೆದದ್ದೆಂದು ಹೇಳಿಯೇ ಮಾರಿದರೆ ಅದೊಂದು ಉಪಕಾರ: ಹತ್ತೇ ಜನ ಕೇಳುವ ಹಾಡಿಗೆ ಅಚ್ಚು ಮಾಡಿಸುವವರು ಸಿಗುವುದಿಲ್ಲ. ಕೊಂಡವನು ಅದಕ್ಕೊಂದು ನಕಲು ಮಾಡಿಟ್ಟುಕೊಂಡು, ಬಿಸಿಲಿನಿಂದ ದೂರವಿಟ್ಟರೆ ಹಾಡು ಉಳಿದೀತು.