ನೆರವಿನ ಸಂತಾನೋತ್ಪತ್ತಿ: ನೀತಿ ಮತ್ತು ಕಾನೂನು

ಪ್ರನಾಳ ಶಿಶು ವಿಧಾನ, ವೀರ್ಯ ಹಾಗೂ ಅಂಡಾಣು ದಾನ, ಬಾಡಿಗೆ ತಾಯ್ತನ ಮುಂತಾದ ವೈದ್ಯಕೀಯ ನೆರವಿನಿಂದ ಮಗು ಪಡೆಯುವ ಕ್ರಮಗಳಿಗೆ ಅನ್ವಯಿಸುವ ನೈತಿಕ ತತ್ತ್ವಗಳು ಮತ್ತು ಶಾಸನಗಳ ಸಮುಚ್ಚಯ. ಭಾರತದ ಮೊದಲ ಪ್ರನಾಳ ಶಿಶು 1978ರಲ್ಲಿ ಕೋಲ್ಕತ್ತದಲ್ಲಿ ಜನಿಸಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2005ರ ಮಾರ್ಗಸೂಚಿಗೆ ಕಾನೂನಿನ ಬಲವಿರಲಿಲ್ಲ. ಆ ಅವಧಿಯಲ್ಲಿ ವಾಣಿಜ್ಯ ಬಾಡಿಗೆ ತಾಯ್ತನ ಬೆಳೆಯಿತು. ಈ ಕ್ಷೇತ್ರಕ್ಕೆ ಸಂಬಂಧಿಸಿದ 2021ರ ಎರಡು ಕಾಯಿದೆಗಳು 2022ರ ಜನವರಿಯಲ್ಲಿ ಜಾರಿಗೆ ಬಂದವು. ಅವುಗಳಲ್ಲಿ ಒಂದು, ಚಿಕಿತ್ಸಾಲಯಗಳ ಮತ್ತು ವೀರ್ಯ, ಅಂಡಾಣು ಬ್ಯಾಂಕುಗಳ ನೋಂದಣಿಯನ್ನು ಕಡ್ಡಾಯಗೊಳಿಸುತ್ತದೆ. ಇನ್ನೊಂದು ಹಣಕ್ಕಾಗಿ ಗರ್ಭ ಹೊರುವುದನ್ನು ನಿಷೇಧಿಸಿ ಪರೋಪಕಾರಾರ್ಥ ಬಾಡಿಗೆ ತಾಯ್ತನವನ್ನಷ್ಟೇ ಒಪ್ಪುತ್ತದೆ. ಅಂಡಾಣು ದಾನಿಗೆ 23ರಿಂದ 35 ವರ್ಷ ವಯಸ್ಸಾಗಿರಬೇಕು; ಜೀವನದಲ್ಲಿ ಒಮ್ಮೆ ಮಾತ್ರ, ಏಳಕ್ಕೆ ಮೀರದಂತೆ ಅಂಡಾಣು ತೆಗೆಯಬಹುದು; ವಿಮೆ ಮತ್ತು ಲಿಖಿತ ಒಪ್ಪಿಗೆ ಅಗತ್ಯ. ಈರೋಡಿನಲ್ಲಿ 2022ರಲ್ಲಿ ಹದಿನಾರರ ಹುಡುಗಿಯ ಅಂಡಾಣುಗಳನ್ನು ಸುಳ್ಳು ಗುರುತು ದಾಖಲೆ ತೋರಿಸಿ ಮಾರಿಸಲಾಗಿದ್ದ ಪ್ರಕರಣ ಹೊರಬಿತ್ತು. ವಯಸ್ಸಿನ ಮಿತಿ ಕಾಯುವ ಭಾರ ಬಹುಪಾಲು ಕಾಗದಪತ್ರದ ಮೇಲೆಯೇ ನಿಂತಿರುವುದು ಅದರಿಂದ ತಿಳಿಯಿತು. ಒಂಟಿ ಮಹಿಳೆಯರ ಸ್ಥಿತಿ ವಿವಾದಿತ: ಪ್ರನಾಳ ಚಿಕಿತ್ಸೆ ಅವರಿಗೆ ಮುಕ್ತ, ಆದರೆ ಬಾಡಿಗೆ ತಾಯ್ತನ 35ರಿಂದ 45 ವರ್ಷದ ವಿಧವೆ ಹಾಗೂ ವಿಚ್ಛೇದಿತೆಯರಿಗೆ ಮಾತ್ರ. 2024ರ ಬಾಡಿಗೆ ತಾಯ್ತನ ನಿಯಮಗಳ ತಿದ್ದುಪಡಿಯು ವೈದ್ಯಕೀಯ ಕಾರಣವಿದ್ದಲ್ಲಿ ದಂಪತಿಯಲ್ಲಿ ಒಬ್ಬರ ಬದಲಿಗೆ ದಾನಿಯ ಅಂಡಾಣು ಅಥವಾ ವೀರ್ಯವನ್ನು ಬಳಸಲು ಅವಕಾಶ ಕೊಟ್ಟಿತು.