ಕುಲುಮೆಗೆ ಹೋಗದ ಹಲಸು

ಉಗ್ರಾಣದ ಬಾಗ್ಲು ತೆಗೆದ್ರೆ ಫ್ರಿಜ್ಜಿಗೆ ಬಡೀತಿತ್ತು. ಅದಕ್ಕೇ ಗೋಡೆಗುಂಟ ಸರಿಯೋ ಬಾಗ್ಲು ಮಾಡ್ಸಿದ್ವಿ ಕಣ್ರೇ. ತವರಲ್ಲಿ ಗಾಳಿಮಳೆಗೆ ಬಿದ್ದ ಹಲಸಿನ ಮರದ ಮೂರು ಹಲಗೆ. ಅಂಚಿನ ಡೊಂಕು ಹಾಗೇ ಇರ್ಲಿ ಅಂದೆ. ಆಚಾರ್ರು ನಕ್ರು: "ಇಂಥವನ್ನ ಒಲೆಗೆ ಹಾಕ್ತಿದ್ರು ಅಕ್ಕಾ."

ನಮ್ಮ ಭದ್ರಾವತೀಲಿ ಒಲೆಗಿಂತ ಹೆಚ್ಚು ಮರ ತಿಂದಿದ್ದು ಕಾರ್ಖಾನೆ. 1923ರ ಜನವರಿಯಲ್ಲಿ ಇಲ್ಲಿ ಊದುಕುಲುಮೆ ಹೊತ್ತಿತು. ಮೈಸೂರು ಸೀಮೇಲಿ ಕಲ್ಲಿದ್ದಲು ಇಲ್ವಲ್ಲ, ಹಾಗಾಗಿ ಅದಿರು ಕೆಮ್ಮಣ್ಣುಗುಂಡಿಯಿಂದ, ಬೆಂಕಿ ಮಲೆನಾಡಿನ ಕಾಡಿಂದ. ಸೌದೇನ ಗಾಳಿಯಾಡದ ಹಾಗೆ ಮುಚ್ಚಿ ಕಾಯಿಸಿ ಇದ್ದಿಲು ಮಾಡೋರು. ಎದ್ದ ಹೊಗೇನೂ ಬಿಡದೆ ತಣಿಸಿ ಟಾರು, ಮರದ ಸ್ಪಿರಿಟ್ಟು ಇಳಿಸೋರು. ಊರಿನ ಹಳೇ ಹೆಸರು ಬೆಂಕಿಪುರ; ಕಾರ್ಖಾನೆಗಿಂತ ಹಳೇದು, ಆದ್ರೂ ಎಷ್ಟು ಒಪ್ಪುತ್ತೆ ನೋಡಿ! 1950ರ ದಶಕದಲ್ಲಿ ಕರೆಂಟಿನ ಕುಲುಮೆ ಬಂದ್ಮೇಲೆ ಕಾಯಿಸೋ ಕೆಲಸ ಅದಕ್ಕೆ ಹೋಯ್ತು. ಆ ಕಬ್ಬಿಣದಿಂದ್ಲೇ ನಮ್ಮಾವನೋರ ಸಂಬಳ, ನಮ್ಮ ಅನ್ನ. ಕಾಡಿನ ಲೆಕ್ಕ ನಾವ್ಯಾರೂ ಕೇಳ್ಲಿಲ್ಲ.

ಹಲಗೆಗಳನ್ನ ನಡುವೆ ರೀಪು ಕೊಟ್ಟು ನೆರಳಲ್ಲಿ ಒಂದು ವರ್ಷ ಒಣಗಿಸಿದ್ವಿ. ತೊಗಟೆ ಪೂರಾ ಕೆತ್ತಿಸ್ದೆ, ಹುಳ ಅಲ್ಲೇ ಸೇರ್ಕೊಳ್ಳೋದು. ಆದ್ರೂ ಒಂದು ಹಲಗೆ ಸೊಟ್ಟಗಾಯ್ತು. ಹಿಂದೆ ಅಡ್ಡಪಟ್ಟಿ ಬಿಗಿಸಿ, ಬಾಗ್ಲನ್ನ ಎರಡು ಚಕ್ರದ ಮೇಲೆ ಕಬ್ಬಿಣದ ಪಟ್ಟಿಗೆ ನೇತುಹಾಕಿದ್ರು. ಭಾರ ಅಂದ್ರೆ ಭಾರ! ಬೋಲ್ಟು ಗೋಡೆ ಆಚೆಗಂಟ ಹೋಗಿದೆ.

ಅಮ್ಮ ಬಂದವಳು ಅಂಚು ಸವರಿದ್ಲು. ಒಂದು ಕಡೆ ತಗ್ಗಿತ್ತು. "ಗೌರಿ ಹಸೂನ ಇಲ್ಲೇ ಕಟ್ತಿದ್ವಿ, ಹಗ್ಗದ ಗುರುತು" ಅಂದ್ಲು.